ಬಾತುಕೋಳಿಯ ಹುಟ್ಟುಕಾವಲು

ಒಂದೇ ಹಿತ್ತಿಲಿನಲ್ಲಿ, ಒಂದೇ ಕೈಯಿಂದ ಕಾಳು ತಿಂದು ಬೆಳೆದ ಕೋಳಿ ಬಾತುಗಳ ಮೇಲೆ ಹಕ್ಕಿಜ್ವರದ ವೈರಸ್ಸು ಎರಗಿದಾಗ, ಕೋಳಿಗಳು ಎರಡು ಮೂರು ದಿನಗಳಲ್ಲಿ ಗೂಡು ಬರಿದಾಗುವಂತೆ ಸತ್ತುಬೀಳುತ್ತಿರಲು, ಬಾತುಗಳು ಅನೇಕ ವೇಳೆ ಯಾವ ವ್ಯಾಧಿಲಕ್ಷಣವನ್ನೂ ತೋರದೆ ಕೊಳದಲ್ಲಿ ಈಜಿಕೊಂಡಿರುವುದುಂಟು. ಈ ವ್ಯತ್ಯಾಸಕ್ಕೆ ಮೇವಾಗಲಿ ಆರೈಕೆಯಾಗಲಿ ಕಾರಣವಲ್ಲ. ಬಹುಮಟ್ಟಿಗೆ ಅದರ ಮೂಲವು ಆಯಾ ಹಕ್ಕಿಯ ವಂಶವಾಹಿಗಳಲ್ಲಿದೆ.

ಲಸಿಕೆಯಿಂದ ದೊರೆಯುವ ರಕ್ಷಣೆಯು ಶತ್ರುವಿನ ಪರಿಚಯವಾದ ಬಳಿಕ ದಿನಗಳನ್ನು ತೆಗೆದುಕೊಂಡು ಸಿದ್ಧವಾಗುವಂಥದು. ಜನ್ಮಜಾತವಾದ ರಕ್ಷಣೆಯಾದರೋ ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಎಚ್ಚರಗೊಳ್ಳುವಂಥದು. ಬಾತಿನಲ್ಲಿ ಈ ಎರಡನೆಯದಕ್ಕೆ ಮುಖ್ಯ ಕಾವಲುಗಾರನು ರಿಗ್-ಐ ಎಂಬ ವಂಶವಾಹಿಯಿಂದ ನಿರ್ಮಿತವಾಗುವ ಪ್ರೋಟೀನು. ಜೀವಕೋಶದೊಳಕ್ಕೆ ನುಸುಳಿದ ಇನ್‌ಫ್ಲುಯೆಂಜಾ ವೈರಸ್ಸಿನ ಆರ್‌ಎನ್‌ಎ ಎಳೆಯ ತುದಿಯಲ್ಲಿರುವ ಮೂರು ಫಾಸ್ಫೇಟುಗಳ ಗುರುತನ್ನು ಹಿಡಿದು, ಇದು ಪರಕೀಯವೆಂದರಿತು, ಆ ಪ್ರೋಟೀನು ಕೋಶಕೇಂದ್ರಕ್ಕೆ ಸುದ್ದಿ ಮುಟ್ಟಿಸಲು, ಇಂಟರ್‌ಫೆರಾನ್ ಎಂಬ ದ್ರವ್ಯವು ಉತ್ಪನ್ನವಾಗಿ, ನೆರೆಯ ಕೋಶಗಳಲ್ಲಿಯೂ ವೈರಸ್ಸಿನ ವೃದ್ಧಿಯನ್ನು ತಡೆಯುವ ಅನೇಕ ವಂಶವಾಹಿಗಳನ್ನು ಎಬ್ಬಿಸುತ್ತದೆ. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ಕ್ಯಾಥರೀನ್ ಮೇಗರ್ ಅವರೂ ಸಹೋದ್ಯೋಗಿಗಳೂ 2010ರಲ್ಲಿ ಪ್ರಕಟಿಸಿದ ಸಂಶೋಧನೆಯು, ಬಾತಿನಲ್ಲಿರುವ ಈ ವಂಶವಾಹಿಯು ಕೋಳಿಯಲ್ಲಿ ಕಾಣಬರುವುದಿಲ್ಲವೆಂಬುದನ್ನೂ, ಬಾತಿನದನ್ನು ಪ್ರಯೋಗಶಾಲೆಯಲ್ಲಿ ಕೋಳಿಯ ಕೋಶಗಳಿಗೆ ಸೇರಿಸಿದಾಗ ಅಲ್ಲಿ ವೈರಸ್ಸಿನ ವೃದ್ಧಿಯು ಕುಗ್ಗಿತೆಂಬುದನ್ನೂ ತೋರಿಸಿಕೊಟ್ಟಿತು.

ಆದರೆ ಈ ಕಾವಲು ಬಾತಿನ ಪ್ರಾಣವನ್ನು ಕಾಯುತ್ತದೆಯೇ ಹೊರತು ನೆರೆಯ ಕೋಳಿಯನ್ನು ಕಾಯುವುದಿಲ್ಲ. ನೋವಿಲ್ಲದೆ ಓಡಾಡುವ ಬಾತಿನ ಕರುಳಿನಲ್ಲಿ ವೈರಸ್ಸು ವೃದ್ಧಿಹೊಂದಿ, ಹಿಕ್ಕೆಯೊಡನೆ ಹೊರಬಿದ್ದು, ಕೊಳದ ನೀರನ್ನು ಸೇರುತ್ತದೆ. ರೋಗ ತೋರದ ಬಾತು ರೋಗವಿಲ್ಲದ ಬಾತೆಂದು ಬಗೆಯಲಾಗದು. ಕಾವಲಿಗೂ ಮಿತಿಯುಂಟು: 2002ರ ಕೊನೆಯಲ್ಲಿ ಹಾಂಗ್‌ಕಾಂಗಿನ ಉದ್ಯಾನಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ತಳಿಯು ಬಾತುಗಳನ್ನೇ ಕೊಂದಿತು, 2014ರಲ್ಲಿ ಕೇರಳದ ಕುಟ್ಟನಾಡಿನ ಗದ್ದೆಗಳಲ್ಲಿ ಸಾವಿರಾರು ಬಾತುಗಳು ಅದೇ ವ್ಯಾಧಿಗೆ ತುತ್ತಾದವು. ಹರ್ಪಿಸ್ ಕುಲದ ವೈರಸ್ಸಿನಿಂದ ಬರುವ ಬಾತುಪ್ಲೇಗಿನ ಮುಂದೆಯೂ ಹುಟ್ಟುಬಲವೊಂದೇ ಸಾಲದು.

ಆದಕಾರಣ ಬಾತನ್ನೂ ಕೋಳಿಯನ್ನೂ ಒಂದೇ ಕೊಟ್ಟಿಗೆಯಲ್ಲಿ ಕೂಡಿಹಾಕಲಾಗದು. ಬಾತು ಈಜಿದ ಅಥವಾ ವಲಸೆಯ ಹಕ್ಕಿಗಳು ಇಳಿಯುವ ಕೆರೆಯ ನೀರನ್ನು ಕೋಳಿಗೆ ಕುಡಿಯಲಿಡಲಾಗದು. ಬಾತುಗಳ ಕೆಲಸಕ್ಕೆ ಬೇರೆಯೇ ಚಪ್ಪಲಿ, ಬೇರೆಯೇ ಬುಟ್ಟಿ ಇರಲಿ. ಸಂತೆಯಿಂದ ತಂದ ಹೊಸ ಬಾತುಗಳನ್ನು ಎರಡು ಮೂರು ವಾರ ಪ್ರತ್ಯೇಕವಾಗಿರಿಸಿ ನೋಡತಕ್ಕದ್ದು. ಪಶುವೈದ್ಯರು ಹೇಳಿದ ಪ್ರಾಯದಲ್ಲಿ ಬಾತುಪ್ಲೇಗಿನ ಲಸಿಕೆಯನ್ನು ತಪ್ಪದೆ ಹಾಕಿಸತಕ್ಕದ್ದು. ಸತ್ತ ಹಕ್ಕಿಯನ್ನು ಕಾಲುವೆಗೆ ಎಸೆಯದೆ, ಬರಿಗೈಯಿಂದ ಮುಟ್ಟದೆ, ಕೂಡಲೇ ಪಶುಚಿಕಿತ್ಸಾಲಯಕ್ಕೆ ತಿಳಿಸಬೇಕು. ಕೋಳಿಗೂಡಿನಲ್ಲಿ ಸಾವು ಕಾಣಿಸಿಕೊಂಡ ದಿನ, ವೈದ್ಯರನ್ನು ಗೂಡಿನ ಬಾಗಿಲಿನಿಂದಲೇ ಹಿಂದಿರುಗಿಸದೆ, ಪಕ್ಕದ ಕೊಳದಲ್ಲಿ ನೆಮ್ಮದಿಯಾಗಿ ಈಜುತ್ತಿರುವ ಬಾತುಗಳ ಬಳಿಗೂ ಕರೆದೊಯ್ಯುವುದು ಜಾಣನಾದ ರೈತನ ಲಕ್ಷಣ.