ಕೇತ್ತಿಯ ಶಾಲೆ ಮತ್ತು ಬಡಗು ಮಾತು: ನೀಲಗಿರಿಯಲ್ಲಿ ಬಾಸೆಲ್ ಮಿಶನ್ ನೆರವಿನ ಭಾಷಿಕ ನೆಲೆ

ಬಾಸೆಲ್ ಮಿಶನ್ನಿನ ಕೆಲಸವನ್ನು ಕನ್ನಡ ವಿದ್ವತ್ತು ಬಹುಮಟ್ಟಿಗೆ ಮಂಗಳೂರಿನಲ್ಲಿ ನಿಂತೇ ನೋಡುತ್ತ ಬಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಮೊದಲ ಮಿಶನರಿಗಳು, 1841ರ ಮುದ್ರಣಾಲಯ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟ್ಟೆಲ್ ನಿಘಂಟು ಇವು ‘ಮಿಶನರಿಗಳ ಕನ್ನಡ ಸೇವೆ’ ಎಂಬ ಅಧ್ಯಾಯದ ಮೈಲಿಗಲ್ಲುಗಳಾಗಿವೆ. ಇದೇ ಮಿಶನ್ ಇದೇ ಕನ್ನಡವನ್ನು ಹಿಡಿದು ನೀಲಗಿರಿಯ ಬೆಟ್ಟವನ್ನೂ ಹತ್ತಿತ್ತು ಎಂಬುದು ನಮ್ಮ ಸಾಹಿತ್ಯ ಚರಿತ್ರೆಗಳಲ್ಲಿ ಅಡಿಟಿಪ್ಪಣಿಯಾಗಿಯೂ ಬರುವುದು ಅಪರೂಪ. ಬೆಟ್ಟದ ಬಡಗ ಸಮುದಾಯಕ್ಕೆ ಮಿಶನ್ ನೀಡಿದ ನೆರವು ಯಾವ ಭಾಷೆಯಲ್ಲಿ ತಲುಪಿತು, ಆ ನೆರವಿನಲ್ಲಿ ಸಮುದಾಯ ಯಾವುದನ್ನು ಸ್ವೀಕರಿಸಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಬೆಟ್ಟ ಮತ್ತು ಬಡಗರು

‘ಬಡಗ’ ಎಂಬ ಹೆಸರಿಗೂ ‘ಬಡತನ’ಕ್ಕೂ ಸಂಬಂಧವಿಲ್ಲ. ಬಡಗು ಎಂದರೆ ಉತ್ತರ ದಿಕ್ಕು. ಯಕ್ಷಗಾನದ ಬಡಗುತಿಟ್ಟಿನಲ್ಲಿ ಇರುವುದೂ ಇದೇ ಪದ. ಬೆಟ್ಟದ ಉತ್ತರಕ್ಕಿರುವ ಮೈಸೂರು ಸೀಮೆಯಿಂದ ಶತಮಾನಗಳ ಹಿಂದೆ ವಲಸೆ ಬಂದವರು ಎಂಬ ನೆನಪು ಈ ಹೆಸರಿನಲ್ಲಿಯೇ ಉಳಿದಿದೆ. 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಜೆಸ್ವಿಟ್ ಪಾದ್ರಿ ಫೆನಿಚಿಯೊ ಅವರು ತೊದವರೊಂದಿಗೆ ಬಡಗರನ್ನೂ ಕಂಡು ವರದಿ ಮಾಡಿದ್ದರು. ಆದುದರಿಂದ ಅಷ್ಟರೊಳಗೆ ಬಡಗರು ಅಲ್ಲಿ ನೆಲೆಸಿದ್ದರೆಂಬುದು ಖಚಿತ.

ರಾಗಿ, ಸಾಮೆ ಮುಂತಾದ ಧಾನ್ಯಗಳನ್ನು ಬೆಳೆಯುತ್ತಿದ್ದ ಬಡಗರು ಬೆಟ್ಟದ ಇತರ ಸಮುದಾಯಗಳೊಂದಿಗೆ ಕೊಡುಕೊಳೆಯ ಸಂಬಂಧ ಹೊಂದಿದ್ದರು. ತೊದವರಿಂದ ತುಪ್ಪ, ಕೋತರಿಂದ ಮಡಕೆ, ಕಬ್ಬಿಣದ ಸಾಮಾನು ಮತ್ತು ಸಾವಿನ ಮನೆಯ ವಾದ್ಯ. ಅದಕ್ಕೆ ಪ್ರತಿಯಾಗಿ ಬಡಗರ ಧಾನ್ಯ. ಈ ವ್ಯವಸ್ಥೆಯಲ್ಲಿ ನಗದು ಇರಲಿಲ್ಲ, ಬರೆದಿಟ್ಟ ಲೆಕ್ಕವೂ ಇರಲಿಲ್ಲ. 1819ರಲ್ಲಿ ಕಲೆಕ್ಟರ್ ಜಾನ್ ಸಲಿವನ್ ಅವರು ಬೆಟ್ಟಕ್ಕೆ ಬಂದ ನಂತರ ಊಟಿ ಬಿಳಿಯರ ಬೇಸಗೆಯ ಊರಾಯಿತು. ಕಂದಾಯ, ಕಚೇರಿ, ತೋಟಗಳು ಬಂದವು. ಕಾಗದ ಓದಲಾರದ ರೈತನು ಕಾಗದದ ಆಡಳಿತದ ಎದುರು ನಿಲ್ಲಬೇಕಾಯಿತು. ಬೆಟ್ಟದ ಬಡತನವನ್ನು ಕೇವಲ ಅನ್ನದ ಕೊರತೆಯೆಂದು ತಿಳಿದರೆ ಈ ಹೊಸ ಅಸಹಾಯಕತೆ ನಮ್ಮ ಕಣ್ಣಿಗೆ ಬೀಳುವುದಿಲ್ಲ.

2. ನೆರವಿನ ಭಾಷೆ

ಮದರಾಸು ಸರ್ಕಾರದ ಸೇವೆಯಲ್ಲಿದ್ದ ಜಾರ್ಜ್ ಜೇಮ್ಸ್ ಕಾಸಮೇಜರ್ ಅವರು ಊಟಿಯ ಸಮೀಪದ ಕೇತ್ತಿ ಕಣಿವೆಯಲ್ಲಿ ನೆಲೆಸಿ ಬಡಗ ಮಕ್ಕಳಿಗಾಗಿ ಶಾಲೆಯೊಂದನ್ನು ಆರಂಭಿಸಿದರು. ಅವರ ಬೆಂಬಲದಿಂದ 1846ರಲ್ಲಿ ಬಾಸೆಲ್ ಮಿಶನ್ ಅಲ್ಲಿ ಕೆಲಸ ತೊಡಗಿತು. 1849ರಲ್ಲಿ ತೀರಿಕೊಂಡಾಗ ಅವರು ತಮ್ಮ ಆಸ್ತಿಯ ಬಹುಭಾಗವನ್ನು ಮಿಶನ್ನಿಗೆ ಬಿಟ್ಟುಹೋದರು. ಕೇತ್ತಿ ಹೀಗೆ ಬೆಟ್ಟದ ಮಿಶನ್ ಕೇಂದ್ರವಾಯಿತು. ಮುಂದೆ ಕೋತಗಿರಿಯೂ ಅದರೊಂದಿಗೆ ಸೇರಿತು.

ಶಾಲೆಯಲ್ಲಿಯೂ ಪ್ರಾರ್ಥನೆಯಲ್ಲಿಯೂ ಮಿಶನ್ ಬಳಸಿದ ಭಾಷೆ ಕನ್ನಡ. ಇದು ಸಹಜವಾದ ಆಯ್ಕೆಯೇ ಆಗಿತ್ತು. ಮಂಗಳೂರು, ಧಾರವಾಡಗಳಲ್ಲಿ ಕನ್ನಡ ಕಲಿತ ಮಿಶನರಿಗಳು ಇದ್ದರು, ಮಂಗಳೂರಿನಲ್ಲಿ ಅಚ್ಚಾದ ಪುಸ್ತಕಗಳಿದ್ದವು, ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ 1831ರಲ್ಲಿ ಪೂರ್ಣಗೊಂಡ ಕನ್ನಡ ಬೈಬಲ್ ಇತ್ತು. ಬಡಗು ಮಾತು ಕನ್ನಡಕ್ಕೆ ತೀರ ಹತ್ತಿರದ್ದು. ಆದರೆ ಹತ್ತಿರದ ಮಾತು ಅದೇ ಮಾತಲ್ಲ. ಬಡಗಿನ ಸ್ವರಗಳ ವಿಶಿಷ್ಟ ಉಚ್ಚಾರವನ್ನು ಎಂ. ಬಿ. ಎಮಿನೊ ಅವರು 1939ರಲ್ಲಿ ಪ್ರತ್ಯೇಕ ಲೇಖನದಲ್ಲಿ ವಿವರಿಸಿದ್ದಾರೆ. ನಾಲಗೆಯನ್ನು ಹಿಂದಕ್ಕೆ ಬಾಗಿಸಿ ನುಡಿಯುವ ಆ ಸ್ವರಗಳನ್ನು ಬೇರ್ಪಡಿಸಿ ತೋರಿಸುವ ಅಕ್ಷರಗಳು ಕನ್ನಡ ವರ್ಣಮಾಲೆಯಲ್ಲಿಲ್ಲ. ಗ್ರಂಥದ ಕನ್ನಡ, ಶಾಲೆಗೆ ಬಂದ ಬಡಗ ಬಾಲಕನಿಗೆ ಪರಭಾಷೆಯೂ ಅಲ್ಲದ, ಮನೆಮಾತೂ ಅಲ್ಲದ ನಡುವಿನ ನೆಲೆಯಾಗಿತ್ತು.

3. ಸ್ವೀಕಾರ ಮತ್ತು ನಿರಾಕರಣೆ

ಮಿಶನ್ ಆರಂಭವಾದ ಹನ್ನೆರಡು ವರ್ಷಗಳ ನಂತರ, 1858ರಲ್ಲಿ, ಬಡಗರಲ್ಲಿ ಮೊದಲ ದೀಕ್ಷಾಸ್ನಾನ ನಡೆಯಿತು. ಅನಂತರವೂ ಮತಾಂತರದ ವೇಗ ಹೆಚ್ಚಲಿಲ್ಲ. 1901ರ ಜನಗಣತಿಯಲ್ಲಿ ಬಡಗರ ಸಂಖ್ಯೆ 34,178. ಅವರಲ್ಲಿ ಕ್ರೈಸ್ತರಾದವರು ಸಣ್ಣದೊಂದು ಪಾಲು ಮಾತ್ರ. ಅದೇ ಅವಧಿಯಲ್ಲಿ ಓದುಬರಹ ಹಟ್ಟಿಯಿಂದ ಹಟ್ಟಿಗೆ ಹಬ್ಬಿತು. ಅಂದರೆ ಸಮುದಾಯವು ಅಕ್ಷರವನ್ನು ತೆಗೆದುಕೊಂಡು ಮತವನ್ನು ಬದಿಗಿರಿಸಿತು.

ಈ ನಿರಾಕರಣೆಯನ್ನು ಅಜ್ಞಾನವೆಂದೋ ಹಟವೆಂದೋ ಓದುವುದು ತಪ್ಪಾಗುತ್ತದೆ. ದೀಕ್ಷೆ ಪಡೆದವನಿಗೆ ಹಟ್ಟಿಯ ಬಾಗಿಲು ಮುಚ್ಚುತ್ತಿತ್ತು. ಉಳುಮೆಯ ನೆರವು, ಹೆಣ್ಣು ಕೊಡುವ ತರುವ ಸಂಬಂಧ, ಸಾವಿನಲ್ಲಿ ಹೆಗಲು ಕೊಡುವ ಜನ ಎಲ್ಲವೂ ಒಟ್ಟಿಗೆ ಕೈಬಿಡುತ್ತಿದ್ದವು. ಬೆಟ್ಟದ ಬಡವನಿಗೆ ನಂಟೇ ಆಸ್ತಿ. ನಂಟು ಕಳೆದುಕೊಂಡವನಿಗೆ ಮಿಶನ್ನೇ ಮನೆಯೂ ಊರೂ ಆಗಬೇಕಿತ್ತು. ಹೀಗಾಗಿ ಮಿಶನ್ನಿನ ನೆರವು ಎರಡು ಬಗೆಯದಾಗಿತ್ತು: ಸಮುದಾಯದೊಳಗೆ ಇದ್ದುಕೊಂಡೇ ಪಡೆಯಬಹುದಾದದ್ದು ಒಂದು, ಸಮುದಾಯವನ್ನು ತೊರೆದವನಿಗೆ ಅನಿವಾರ್ಯವಾದದ್ದು ಇನ್ನೊಂದು. ಶಾಲೆ ಮೊದಲನೆಯ ಬಗೆಯದು. ಬಡಗರು ಅದನ್ನು ಆರಿಸಿಕೊಂಡರು.

ಇದನ್ನು ಹತ್ತಿರದಿಂದ ಕಂಡವರು ಫ್ರೀಡ್ರಿಕ್ ಮೆಟ್ಸ್. ದಶಕಗಳ ಕಾಲ ಹಟ್ಟಿಗಳಲ್ಲಿ ಅಲೆದ ಅವರು ಮತಾಂತರದ ಲೆಕ್ಕದಲ್ಲಿ ಯಶಸ್ವಿಗಳಲ್ಲ. ಆದರೆ ಬೆಟ್ಟದ ಬುಡಕಟ್ಟುಗಳನ್ನು ಕುರಿತ ಅವರ ಇಂಗ್ಲಿಷ್ ಪುಸ್ತಕ (ಮಂಗಳೂರು ಆವೃತ್ತಿ, 1864) ಇಂದಿಗೂ ಮುಖ್ಯ ಆಕರ. ಬಡಗರ ಶವಸಂಸ್ಕಾರದಲ್ಲಿ ಸತ್ತವರ ಪಾಪಗಳನ್ನು ಒಂದೊಂದಾಗಿ ಹೇಳಿ ಕರುವಿನ ಮೇಲೆ ಇಳಿಸುವ ಆಚರಣೆಯಿದೆ. ಪಾಪ, ಅದನ್ನು ಒಪ್ಪಿಕೊಳ್ಳುವಿಕೆ, ಬಿಡುಗಡೆ ಎಂಬ ಕಲ್ಪನೆಗಳನ್ನು ಬೋಧಿಸಲು ಬಂದವರ ಎದುರಿಗೆ ಅವೇ ಕಲ್ಪನೆಗಳು ಬಡಗು ಮಾತಿನಲ್ಲಿ ಮೊದಲೇ ಇದ್ದವು. ಕಲಿಸಲು ಬಂದವರೇ ಕಲಿಯಬೇಕಾದ ಈ ಸನ್ನಿವೇಶ ಮಿಶನ್ ಅಧ್ಯಯನದಲ್ಲಿ ಹೆಚ್ಚಿನ ಗಮನಕ್ಕೆ ಅರ್ಹವಾಗಿದೆ.

4. 1890ರ ಪುಸ್ತಕ

ಮಿಶನ್ ಬಂದು ನಲವತ್ತನಾಲ್ಕು ವರ್ಷಗಳಾದ ಮೇಲೆ, 1890ರಲ್ಲಿ, ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಬಡಗು ಮಾತಿನ ಮೊದಲ ಅಚ್ಚಾದ ಪುಸ್ತಕ ಹೊರಬಂದಿತು. ಅದರ ಹೆಸರು ‘ಅಂಗ ಕರ್ತಾಗಿಬ್ಬ ಯೇಸು ಕ್ರಿಸ್ತನ ಒಳ್ಳೆಯ ಸುದ್ದಿಯ ಪುಸ್ತಕ’, ಲಿಪಿ ಕನ್ನಡ. ಹೆಸರೊಂದನ್ನೇ ಗಮನಿಸಿದರೂ ಸಾಕು. ಕನ್ನಡ ಕ್ರೈಸ್ತ ಪರಿಭಾಷೆಯ ‘ಸುವಾರ್ತೆ’ ಇಲ್ಲಿ ‘ಒಳ್ಳೆಯ ಸುದ್ದಿ’ಯಾಗಿದೆ, ‘ಆಗಿರುವ’ ಎಂಬುದು ‘ಆಗಿಬ್ಬ’ ಆಗಿದೆ. ಸಂಸ್ಕೃತದ ಸಮಾಸ ಇಳಿದು ಹಟ್ಟಿಯ ಜಗುಲಿಯ ಮಾತು ಮೇಲೆ ಬಂದಿದೆ. ನೆರವು ನೀಡುವವರ ಭಾಷೆಯಿಂದ ಪಡೆಯುವವರ ಭಾಷೆಗೆ ಇಟ್ಟ ಹೆಜ್ಜೆ ಇದು. ಆದರೆ ಇದು ತಡವಾಗಿ ಇಟ್ಟ ಹೆಜ್ಜೆ. ಅಷ್ಟರಲ್ಲಿ ಬರಹವೆಂದರೆ ಕನ್ನಡ, ಬಡಗು ಎಂದರೆ ಬಾಯಿಮಾತು ಎಂಬ ವಿಂಗಡಣೆ ಗಟ್ಟಿಯಾಗಿತ್ತು.

ಮುಂದೆ ನಡೆದುದನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬಹುದು. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಮಿಶನರಿಗಳು ಭಾರತದ ಕೆಲಸದಿಂದ ದೂರವಾಗಬೇಕಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರವೂ ನೀಲಗಿರಿ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಶಾಲೆಗಳಲ್ಲಿ ಕನ್ನಡದ ಜಾಗಕ್ಕೆ ತಮಿಳು, ಇಂಗ್ಲಿಷ್‌ಗಳು ಬಂದವು. ಕನ್ನಡ ಬೆಟ್ಟದಿಂದ ಇಳಿದಾಗ ಬಡಗು ಮಾತಿನ ಲಿಪಿಯೂ ಅದರೊಂದಿಗೆ ಇಳಿಯಿತು. ಇತ್ತ 2011ರ ಜನಗಣತಿ ಬಡಗು ಮಾತನ್ನು ಕನ್ನಡದ ಅಡಿಯಲ್ಲಿಯೇ ಎಣಿಸಿದೆ. ಎಣಿಕೆಯಲ್ಲಿ ನಮ್ಮದಾದ ಈ ನುಡಿಗೆ ನಮ್ಮ ಪಠ್ಯಗಳಲ್ಲಿ ಜಾಗವಿಲ್ಲ.

5. ಸಮಾರೋಪ

ಮೇಲಿನ ಚರ್ಚೆಯಿಂದ ಎರಡು ಅಂಶಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಬಡಗರು ಮಿಶನ್ನಿನ ನೆರವಿನ ಮೂಕ ಫಲಾನುಭವಿಗಳಾಗಿರಲಿಲ್ಲ. ತಮ್ಮ ನಂಟನ್ನು ಕೆಡಿಸದ ನೆರವನ್ನು ವಿವೇಚಿಸಿ ಆರಿಸಿಕೊಂಡವರು. ಎರಡನೆಯದಾಗಿ, ನೆರವು ತನ್ನ ಭಾಷೆಯನ್ನು ಹೊತ್ತು ತರುತ್ತದೆ. ಆ ಭಾಷೆ ಹಿಂದಿರುಗಿದಾಗ ಏನು ಉಳಿಯುತ್ತದೆ ಎಂಬುದರಿಂದಲೇ ನೆರವನ್ನು ಅಳೆಯಬೇಕಾಗುತ್ತದೆ. ಕೇತ್ತಿಯಲ್ಲಿ ಉಳಿದದ್ದು ಓದಬೇಕೆಂಬ ಹಂಬಲ; ಉಳಿಯದೆ ಹೋದದ್ದು ಮನೆಮಾತಿನ ಬರಹ. ಮೊದಲನೆಯದಕ್ಕೆ ಮಿಶನ್ನಿನ ಶ್ರಮವನ್ನು ನೆನೆಯುವುದು ನ್ಯಾಯ. ಎರಡನೆಯದರ ಹೊಣೆಯನ್ನು ಮಿಶನ್ನಿನ ಮೇಲೆ ಮಾತ್ರ ಹೊರಿಸಲಾಗದು. ಬಡಗನ್ನು ಕನ್ನಡದ ಒಂದು ಉಪಭಾಷೆಯೆಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗುವ ನಮ್ಮ ಕನ್ನಡ ಅಧ್ಯಯನಕ್ಕೂ ಅದರಲ್ಲಿ ಪಾಲಿದೆ.