ಹಳೇ ಗಾಡಿಗೆ ಮೊದಲು ಯಾವ ಕೆಲಸ?

ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಿಂದ ಈ ಸಲ ಬಂದ ಪ್ರಶ್ನೆಗಳೆಲ್ಲ ಮಾರುತಿ 800 ಬಗ್ಗೆಯೇ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ 796 ಸಿಸಿ ಕಾರಿನ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಅಂದರೆ ಕಡೆಯ ಗಾಡಿಗೂ ಈಗ ವಯಸ್ಸಾಗಿದೆ. ಸ್ವಂತ ಕೈಯಿಂದ ಅದನ್ನು ಸುಧಾರಿಸಲು ಹೊರಟವರಿಗೆ ಈ ಉತ್ತರಗಳು.

ಪ್ರಶ್ನೆ: ಬೇಸಿಗೆ ಬಂತೆಂದರೆ ನನ್ನ 2004ರ ಗಾಡಿ ವಿಪರೀತ ಕಾಯುತ್ತದೆ. ಲಿಂಗಸುಗೂರಿಗೆ ಹೊರಟರೆ ಮಸ್ಕಿ ದಾಟುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟುತ್ತದೆ. ಥರ್ಮೋಸ್ಟಾಟ್ ಕಿತ್ತು ಹಾಕಿದರೆ ಸರಿಹೋಗುತ್ತದೆ ಅಂತಾರೆ ಮಿಸ್ತ್ರಿ. ತೆಗೆಸಲೇ?
— ಭತ್ತದ ರೈತ, ಸಿಂಧನೂರು

ಉತ್ತರ: ತೆಗೆಸಬೇಡಿ. ಥರ್ಮೋಸ್ಟಾಟ್ ಇಲ್ಲದ ಇಂಜಿನ್ ತನಗೆ ಬೇಕಾದ ಕಾವಿಗೆ ಬರುವುದೇ ತಡ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಒಳಗೆ ಬೇಗ ಸವೆಯುತ್ತದೆ. ಅದು ಕೆಟ್ಟಿದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಬಿಚ್ಚಿ, ದಾರ ಕಟ್ಟಿ, ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕಾಯಿಸಿ. 80 ಡಿಗ್ರಿ ದಾಟಿದ ಮೇಲೆ, ನೀರು ಕುದಿಯುವ ಮೊದಲೇ, ಅದರ ಬಾಯಿ ತೆರೆಯಬೇಕು. ತೆರೆಯದಿದ್ದರೆ ಹೊಸದು ಹಾಕಿ.

ನಿಮ್ಮ ಕಡೆ ಇನ್ನೆರಡು ಕಾರಣಗಳನ್ನು ನೋಡಲೇಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಭತ್ತ ಕೊಯ್ಯುವ ಮಷಿನ್ ಎಬ್ಬಿಸುವ ಧೂಳು, ಹೊಟ್ಟು ರೇಡಿಯೇಟರ್ ಜಾಲರಿಗೆ ಮೆತ್ತಿಕೊಂಡು ಗಾಳಿಯನ್ನೇ ತಡೆಯುತ್ತದೆ. ಗಾಡಿ ತಣ್ಣಗಿರುವಾಗ ಇಂಜಿನ್ ಕಡೆಯಿಂದ ಹೊರಮುಖವಾಗಿ ಪೈಪಿನಿಂದ ಮೆಲ್ಲಗೆ ನೀರು ಹಾಯಿಸಿ. ರಭಸದ ನೀರಿಗೆ ಜಾಲರಿ ಮಡಚಿಕೊಳ್ಳುತ್ತದೆ. ಏರ್ ಫಿಲ್ಟರನ್ನೂ ಕೊಯ್ಲು ಮುಗಿದ ಕೂಡಲೇ ಬಿಚ್ಚಿ ನೋಡಿ. ಇನ್ನೊಂದು, ಬೋರ್ ನೀರು. ಸ್ನಾನದ ಹಂಡೆಗೆ ಹಿಡಿಯುವ ಸುಣ್ಣವೇ ರೇಡಿಯೇಟರ್ ಒಳಗೂ ಹಿಡಿಯುತ್ತದೆ. ಹಳೇ ನೀರು ಪೂರ್ತಿ ಇಳಿಸಿ, ಕೂಲಂಟ್ ಅನ್ನು ಡಬ್ಬದ ಮೇಲಿನ ಅಳತೆಯಂತೆ ಡಿಸ್ಟಿಲ್ಡ್ ವಾಟರ್ ಜೊತೆ ತುಂಬಿ. ಮುಚ್ಚಳದ ರಬ್ಬರು ಒಡೆದಿದ್ದರೆ ಬದಲಿಸಿ. ಕಾದ ಗಾಡಿಯ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ.

ಪ್ರಶ್ನೆ: ರಾತ್ರಿ ಸಿಂಧನೂರು ರಸ್ತೆಯಲ್ಲಿ ಎದುರಿನಿಂದ ಲಾರಿ ಬಂದರೆ ನನಗೆ ದಾರಿಯೇ ಕಾಣುವುದಿಲ್ಲ. 100 ವ್ಯಾಟ್ ಬಲ್ಬ್ ಹಾಕಲೇ, ಎಲ್‌ಇಡಿ ಹಾಕಲೇ?
— ಕಿರಾಣಿ ವ್ಯಾಪಾರಿ, ಮಸ್ಕಿ

ಉತ್ತರ: ಎರಡೂ ಬೇಡ. ನಿಮ್ಮ ಬಲ್ಬ್ 60/55 ವ್ಯಾಟಿನದು. 12 ವೋಲ್ಟ್‌ನಲ್ಲಿ ಒಂದು ಬಲ್ಬ್ 5 ಆಂಪ್ ಎಳೆಯುತ್ತದೆ. 100 ವ್ಯಾಟ್ ಆದರೆ 8 ಆಂಪ್ ದಾಟುತ್ತದೆ. ಇಪ್ಪತ್ತು ವರ್ಷದ ವೈರು, ಸ್ವಿಚ್ಚು ಅದನ್ನು ತಾಳಲಾರದೆ ಕರಗಬಹುದು. ಇನ್ನು ಹ್ಯಾಲೋಜನ್‌ಗೆಂದು ಮಾಡಿದ ಬುರುಡೆಯಲ್ಲಿ ಎಲ್‌ಇಡಿ ಕೂರಿಸಿದರೆ ಬೆಳಕು ಚದುರಿ ಎದುರಿನವರ ಕಣ್ಣು ಕುಕ್ಕುತ್ತದೆ. ಲಾರಿ ಬೆಳಕಿನಿಂದ ನಿಮಗಾಗುವ ಕಷ್ಟವೇ ಬೈಕಿನವರಿಗೆ ನಿಮ್ಮಿಂದ ಆಗುತ್ತದೆ.

ದೀಪ ಹಚ್ಚಿ, ಇಂಜಿನ್ ಚಾಲೂ ಇಟ್ಟು, ಮಲ್ಟಿಮೀಟರಿನಿಂದ ಬ್ಯಾಟರಿಯ ವೋಲ್ಟೇಜ್, ಬಲ್ಬಿನ ಹೋಲ್ಡರಿನ ವೋಲ್ಟೇಜ್ ಎರಡನ್ನೂ ಅಳೆಯಿರಿ. ಒಂದು ವೋಲ್ಟಿನಷ್ಟು ಕಡಿಮೆ ಇದ್ದರೆ ಬೆಳಕು ದಾರಿಯಲ್ಲೇ ಸೋರಿಹೋಗುತ್ತಿದೆ. ಪರಿಹಾರ ರಿಲೇ. ಹೈಬೀಮ್‌ಗೆ ಒಂದು, ಲೋಬೀಮ್‌ಗೆ ಒಂದು ಹಾಕಿ, ಬ್ಯಾಟರಿಯಿಂದ 15 ಆಂಪ್ ಫ್ಯೂಸ್ ಮೂಲಕ ದಪ್ಪ ವೈರಿನಲ್ಲಿ ನೇರ ಕರೆಂಟು ಕೊಡಿ. ಸ್ವಿಚ್ಚು ಆಗ ರಿಲೇಯನ್ನು ಎಬ್ಬಿಸುವ ಕೆಲಸವಷ್ಟೇ ಮಾಡುತ್ತದೆ. ಅರ್ಥ್ ಜಾಗದ ತುಕ್ಕು ಕೆರೆದು ಬಿಗಿ ಮಾಡಿ. ಮೂಲ ಬಲ್ಬೇ ಬೆಳ್ಳಗೆ ಉರಿಯುತ್ತದೆ.

ಪ್ರಶ್ನೆ: ಮಗ 13 ಇಂಚಿನ ಅಲಾಯ್ ವೀಲು, ಸದ್ದಿನ ಸೈಲೆನ್ಸರ್ ಬೇಕು ಅಂತಾನೆ. ಹಾಕಿಸಬಹುದೇ?
— ಗಣಿ ನೌಕರ, ಹಟ್ಟಿ, ಲಿಂಗಸುಗೂರು ತಾಲ್ಲೂಕು

ಉತ್ತರ: ಮಗನಿಗೆ ಈ ಲೆಕ್ಕ ತೋರಿಸಿ. ಕಂಪನಿ ಟೈರು 145/70 ಆರ್ 12. ಅದರ ಒಟ್ಟು ಎತ್ತರ ಸುಮಾರು 508 ಮಿ.ಮೀ. 155/65 ಆರ್ 13 ಹಾಕಿದರೆ ಸುಮಾರು 532 ಮಿ.ಮೀ. ಮೀಟರ್ 60 ತೋರಿಸುವಾಗ ಗಾಡಿ ನಿಜಕ್ಕೂ 63ರ ಹತ್ತಿರ ಓಡುತ್ತಿರುತ್ತದೆ. ಸ್ಟೇರಿಂಗ್ ಭಾರವಾಗುತ್ತದೆ, ಬ್ರೇಕ್ ಮಾತ್ರ ಹಳೆಯದೇ.

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ ಅಂಥ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವಿದೆ. ಆರು ತಿಂಗಳವರೆಗಿನ ಜೈಲಿಗೂ ಅವಕಾಶವಿದೆ. ಸೈಲೆನ್ಸರ್ ಮಾತು ಬಿಡಿ. ಅವನಿಗೆ ಸ್ಪಾನರ್ ಸೆಟ್ ಕೊಡಿಸಿ, ಆಯಿಲ್ ಬದಲಿಸುವುದು, ಪ್ಲಗ್ ತೊಳೆಯುವುದು ಕಲಿಸಿ.

ಪ್ರಶ್ನೆ: ಅಡುಗೆ ಸಿಲಿಂಡರನ್ನು ಡಿಕ್ಕಿಯಲ್ಲಿಟ್ಟು ಗಾಡಿ ಓಡಿಸುವುದು ಅಗ್ಗ ಅಂತಾರೆ. ಹೌದೇ?
— ಓದುಗ, ಲಿಂಗಸುಗೂರು

ಉತ್ತರ: ಅದು ಮನೆಮಂದಿಯನ್ನು ಬಾಂಬಿನ ಮೇಲೆ ಕೂರಿಸಿದಂತೆ. ಕಾನೂನಿನ ಪ್ರಕಾರ ಅಪರಾಧವೂ ಹೌದು. ಗ್ಯಾಸ್ ಬೇಕೇಬೇಕೆಂದರೆ ಅನುಮತಿ ಪಡೆದ ಕಿಟ್ಟನ್ನು ಅಧಿಕೃತ ಕೇಂದ್ರದಲ್ಲಿ ಹಾಕಿಸಿ, ಆರ್‌ಟಿಒದಲ್ಲಿ ಆರ್‌ಸಿಗೆ ನಮೂದು ಮಾಡಿಸಿ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲವೇ ಅಲ್ಲ.

ಪ್ರಶ್ನೆ: ಹಳೇ 800 ಕೊಂಡಿದ್ದೇನೆ. ಕೈಯಲ್ಲಿ ಹತ್ತು ಸಾವಿರವಿದೆ. ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಹಾಕಿಸಲೇ?
— ಶಿಕ್ಷಕಿ, ಮಸ್ಕಿ

ಉತ್ತರ: ಮೊದಲು ಬ್ರೇಕ್ ನೋಡಿ ಮೇಡಂ. ಮುಂದಿನ ಪ್ಯಾಡು, ಹಿಂದಿನ ಡ್ರಮ್ಮಿನ ಲೈನರ್ ಒಳ್ಳೆಯ ಮಿಸ್ತ್ರಿಯಿಂದ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಹೊಸದಾಗಬೇಕು. ಆಮೇಲೆ ಟೈರು. ಅದರ ಪಕ್ಕದಲ್ಲಿ ನಾಲ್ಕಂಕಿ ಒತ್ತಿರುತ್ತಾರೆ. 2219 ಎಂದಿದ್ದರೆ 2019ರ 22ನೇ ವಾರ ತಯಾರಾದದ್ದು. ಗೆರೆ ಎಷ್ಟೇ ಆಳವಿದ್ದರೂ ಪಕ್ಕ ಬಿರಿದ ಹಳೇ ಟೈರು ಬಿಸಿಲಿನ ರಸ್ತೆಯಲ್ಲಿ ಸಿಡಿಯಬಹುದು. ಸೀಟ್ ಬೆಲ್ಟ್ ಎಳೆದು ನೋಡಿ, ಹಿಡಿಯಬೇಕು. ನೋಂದಣಿಗೆ 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣವಾಗಿದೆಯೇ ಎಂದು ಪರೀಕ್ಷಿಸಿ. ಇಷ್ಟಾಗಿ ಹಣ ಉಳಿದರೆ ಸೀಟ್ ಕವರ್, ಹಾಡು.

ಈ ಪುಟ ಮಡಚಿಟ್ಟ ಮೇಲೆ, ಗಾಡಿ ಇರುವ ಪ್ರತಿಯೊಬ್ಬರೂ ಹೊರಗೆ ಹೋಗಿ ನಾಲ್ಕೂ ಟೈರಿನ ಆ ನಾಲ್ಕಂಕಿ ಓದಿ ಬನ್ನಿ. ಸ್ಟೆಪ್ನಿ ಮರೆಯಬೇಡಿ.