ಲಂಡನ್ ಫೀಸು, ಬರ್ಲಿನ್ ಠೇವಣಿ

ನಮ್ಮ ಕಾಪು, ಶಿರ್ವ, ಕಟಪಾಡಿ ಕಡೆ ಮದುವೆ ಊಟಕ್ಕೆ ಕೂತರೆ ಪಕ್ಕದವರ ಮೊದಲ ಪ್ರಶ್ನೆ, "ಮಗ ಈಗ ಎಲ್ಲಿ?" ಎರಡನೆಯದು, "ಎಷ್ಟು ಸಿಗ್ತದೆ?" ಉತ್ತರ ಬಾಯಿಂದ ಬೀಳುವ ಮೊದಲೇ ಅವರ ತಲೆಯಲ್ಲಿ ಗುಣಾಕಾರ ಮುಗಿದಿರುತ್ತದೆ. ಈ ಗುಣಾಕಾರ ನಮಗೆ ಕಲಿಸಿದ್ದು ಗಲ್ಫ್. ರೂಮು ಕಂಪನಿಯದು, ಆದಾಯ ತೆರಿಗೆ ಇಲ್ಲ, ಕೈಖರ್ಚು ಬಿಟ್ಟು ಉಳಿದದ್ದೆಲ್ಲ ಊರಿಗೆ. ಅದಕ್ಕೂ ಹಿಂದೆ ಬೊಂಬಾಯಿಯ ಹೋಟೆಲುಗಳಲ್ಲಿ ದುಡಿದು ಮನಿಯಾರ್ಡರ್ ಕಳಿಸಿದವರದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಶಿರ್ವದ ಸುತ್ತ ಎದ್ದ ಎಷ್ಟೋ ಮನೆಗಳ ಅಡಿಪಾಯ ಆ ಲೆಕ್ಕವೇ. ಯುರೋಪಿನಲ್ಲಿ ಅದು ನಡೆಯುವುದಿಲ್ಲ.

ನನ್ನ ಮಗಳು ಇರುವುದು ಲಂಡನ್ನಿನಲ್ಲಿ, ಮಗ ಬರ್ಲಿನ್ನಿನಲ್ಲಿ. ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುತ್ತಲೇ ನಿವೃತ್ತನಾದವನಾದ್ದರಿಂದ ಎರಡೂ ಕಡೆ ಹೋಗಿ ಇದ್ದಾಗ ಅರಮನೆ, ಮ್ಯೂಸಿಯಂಗಿಂತ ಮಕ್ಕಳ ಸಂಬಳದ ಚೀಟಿಯನ್ನೇ ಹೆಚ್ಚು ನೋಡಿದೆ. ಮಗಳಿಗೆ ವರ್ಷಕ್ಕೆ 42,000 ಪೌಂಡ್, ಮಗನಿಗೆ 48,000 ಯೂರೊ. ಪೌಂಡಿಗೆ 118 ರೂಪಾಯಿ, ಯೂರೊಗೆ 104 ಎಂದು ಹಿಡಿದರೆ ಎರಡೂ 50 ಲಕ್ಷದ ಆಸುಪಾಸು. ಮದುವೆ ಊಟದ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಮುಂದಿನದ್ದು ನೋಡಿ. ಆದಾಯ ತೆರಿಗೆ ಮತ್ತು ನ್ಯಾಷನಲ್ ಇನ್ಶೂರೆನ್ಸ್ ಹೋಗಿ ಮಗಳ ಕೈಗೆ ತಿಂಗಳಿಗೆ ಬರುವುದು ಸುಮಾರು 2,800 ಪೌಂಡ್. ಪಿಂಚಣಿ ಕಡಿತ ಇನ್ನೂ ಬೇರೆ. ಬರ್ಲಿನ್ನಿನಲ್ಲಿ ತೆರಿಗೆಯ ಜೊತೆಗೆ ಪಿಂಚಣಿ, ಆರೋಗ್ಯ, ನಿರುದ್ಯೋಗ ವಿಮೆಯ ಕಂತುಗಳೂ ಸಂಬಳದಲ್ಲೇ ಹೋಗುತ್ತವೆ. ಮಗನಿಗೆ ಸಿಗುವುದು ಸುಮಾರು 2,600 ಯೂರೊ. ಅವಳ ಮನೆಯಲ್ಲಿ ಅಡುಗೆಕೋಣೆ ನಾಲ್ವರಿಗೂ ಒಂದೇ. ತನ್ನದೆಂಬ ಒಂದು ಕೋಣೆಗೆ 950 ಪೌಂಡ್, ಓಡಾಟಕ್ಕೆ 200ರಷ್ಟು. ಇವನ ಕೋಣೆಗೆ 650 ಯೂರೊ, ಹೀಟರೂ ಅದರಲ್ಲೇ. 63 ಯೂರೊದ ಡಾಯ್ಚ್‌ಲಾಂಡ್ ಟಿಕೆಟ್ ಇದ್ದರೆ ಬರ್ಲಿನ್ನಿನ ಬಸ್ಸು, ಟ್ರಾಮು, ಮೆಟ್ರೊ ಮಾತ್ರವಲ್ಲ, ಇಡೀ ಜರ್ಮನಿಯ ಪ್ಯಾಸೆಂಜರ್ ರೈಲಿಗೂ ಆಯಿತು. ಬಾಡಿಗೆ, ಓಡಾಟ ಕಳೆದು ರೂಪಾಯಿಗೆ ತಂದರೆ ಇಬ್ಬರ ಬಳಿ ಉಳಿಯುವುದೂ ಎರಡು ಲಕ್ಷಕ್ಕೆ ಸ್ವಲ್ಪ ಕಮ್ಮಿ. ಊಟ, ಬಟ್ಟೆ, ಫೋನು, ಊರಿಗೆ ಬರುವ ವಿಮಾನ, ಎಲ್ಲ ಅದರಲ್ಲೇ ಆಗಬೇಕು. ಲಂಡನ್ನಿನವಳಿಗೆ ಕೌನ್ಸಿಲ್ ಟ್ಯಾಕ್ಸಿನ ಪಾಲೂ ಉಂಟು. ಪೂರ್ಣಾವಧಿ ವಿದ್ಯಾರ್ಥಿಗೆ ಅದು ಮಾಫಿ. ಕೆಲಸಕ್ಕೆ ಸೇರಿದ ಕೂಡಲೇ ಬೀಳುತ್ತದೆ.

ದಿನದ ಬದುಕಿನಲ್ಲಿ ಎರಡು ಊರಿನ ಬುದ್ಧಿ ಬೇರೆ ಬೇರೆ. ಲಂಡನ್ನಿನಲ್ಲಿ ಬಸ್ಸಿಗೆ 1.75 ಪೌಂಡ್; ಮೊದಲ ಸಲ ಕಾರ್ಡ್ ಮುಟ್ಟಿಸಿದ ಒಂದು ಗಂಟೆಯೊಳಗೆ ಹತ್ತಿದ ಮುಂದಿನ ಬಸ್ಸುಗಳಿಗೆ ದುಡ್ಡಿಲ್ಲ. ಮಗಳು ತರಕಾರಿಗೆ ಹೋದರೆ ಗಡಿಯಾರ ನೋಡಿಕೊಂಡೇ ಕೊತ್ತಂಬರಿ ಆರಿಸುತ್ತಾಳೆ, 55ನೇ ನಿಮಿಷಕ್ಕೆ ಓಡಿ ವಾಪಸು ಬಸ್ಸು ಹಿಡಿಯುತ್ತಾಳೆ. ಮಣಿಪಾಲದಲ್ಲಿ ಓದುವಾಗ ಟೈಗರ್ ಸರ್ಕಲ್‌ನಿಂದ ಉಡುಪಿಗೆ ಆಟೊ ಬೇಕೇ ಬೇಕು ಎನ್ನುತ್ತಿದ್ದ ಹುಡುಗಿ ಇವಳು. ಬರ್ಲಿನ್ನಿನಲ್ಲಿ ಮಗನ ಬಾಗಿಲ ಹಿಂದೆ ಒಂದು ನೀಲಿ ಚೀಲ ನೇತಾಡುತ್ತದೆ, ತುಂಬ ಖಾಲಿ ಬಾಟಲಿ. ಪ್ಲಾಸ್ಟಿಕ್ ಬಾಟಲಿ ಒಂದಕ್ಕೆ 25 ಸೆಂಟ್ ಠೇವಣಿ. ಸೂಪರ್‌ಮಾರ್ಕೆಟ್ಟಿನ ಮೂಲೆಯ ಯಂತ್ರದ ಬಾಯಿಗೆ ಒಂದೊಂದೇ ಬಾಟಲಿ ಕೊಟ್ಟರೆ ಕೊನೆಗೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟು ಬಿಲ್ಲಿನಲ್ಲಿ ಕಳೆಯುವುದು. ಕೋಟು ಹಾಕಿದವರೂ ಅಲ್ಲಿ ಸಾಲಿನಲ್ಲಿ ನಿಲ್ಲುತ್ತಾರೆ. ಅದೂ ಶನಿವಾರದೊಳಗೆ ಆಗಬೇಕು, ಭಾನುವಾರ ಅಂಗಡಿ ಮುಚ್ಚಿರುತ್ತದೆ. ಟಿವಿ ಇಲ್ಲದ ಮನೆಯೂ ಅಲ್ಲಿ ತಿಂಗಳಿಗೆ 18.36 ಯೂರೊ ಪ್ರಸಾರ ಶುಲ್ಕ ಕಟ್ಟಬೇಕು ಎಂದು ಕೇಳಿದಾಗ ಮಾತ್ರ ನನಗೆ ಸ್ವಲ್ಪ ಸಿಟ್ಟು ಬಂದದ್ದು ಹೌದು.

ಉಳಿತಾಯ ಇಷ್ಟು ಸಮಸಮ ಇರುವಾಗ ಎರಡು ಊರಿಗೆ ಇರುವ ವ್ಯತ್ಯಾಸ ಏನು? ಅದು ಲಂಡನ್ನಿನಲ್ಲೂ ಇಲ್ಲ, ಬರ್ಲಿನ್ನಿನಲ್ಲೂ ಇಲ್ಲ. ಇಲ್ಲೇ, ನಮ್ಮ ಬ್ಯಾಂಕಿನ ಸಾಲದ ಖಾತೆಯಲ್ಲಿದೆ.

ಈಚೆಗೆ ಕಾರ್ಕಳದ ಪರಿಚಯಸ್ಥರೊಬ್ಬರು ಲಂಡನ್ನಿನ ಆಫರ್ ಲೆಟರ್ ಹಿಡಿದುಕೊಂಡು ಬಂದಿದ್ದರು. ಮಗಳಿಗೆ ಒಂದು ವರ್ಷದ ಎಂ.ಎಸ್ಸಿ., ಫೀಸು 28,000 ಪೌಂಡ್. ಅಂದರೆ 33 ಲಕ್ಷ. ಅಲ್ಲಿನ ಸರ್ಕಾರಕ್ಕೆ ಮುಂಗಡವಾಗಿ ಕಟ್ಟುವ ಆರೋಗ್ಯ ಸರ್ಚಾರ್ಜ್ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. ಕೋರ್ಸಿನ ನಂತರ ಸಿಗುವ ನಾಲ್ಕು ತಿಂಗಳೂ ಸೇರಿ ಒಂದೂವರೆ ವರ್ಷದ್ದಾಗಿ 1,164. ಇದಲ್ಲದೆ ಲಂಡನ್ನಿನಲ್ಲಿ ಒಂಬತ್ತು ತಿಂಗಳ ಜೀವನಖರ್ಚಿಗೆ ತಿಂಗಳಿಗೆ ಸುಮಾರು 1,500 ಪೌಂಡಿನಂತೆ ಖಾತೆಯಲ್ಲಿ 28 ದಿನ ಕೂತಿರಬೇಕು. ಎಲ್ಲ ಸೇರಿ 50 ಲಕ್ಷ. ಕೈಯಲ್ಲಿದ್ದದ್ದು 10, ಉಳಿದ 40ಕ್ಕೆ ಸಾಲ.

ಅಡವಿಗೆ ಏನಿದೆ ಎಂದು ಕೇಳಿದೆ. ಹೆದ್ದಾರಿಯ ಹತ್ತಿರ ಮನೆ, ಹಿಂದೆ ಅಡಿಕೆ ತೋಟ. ಮನೆಗೆ ಪಂಚಾಯಿತಿಯ 9/11 ದಾಖಲೆ ಸರಿಯಾಗಿದೆ. ತೋಟದ ಅರ್ಧ ಕುಮ್ಕಿ. ಅದು ಸರ್ಕಾರದ ಜಾಗ, ಅಡವು ಇಡಲು ಬರುವುದಿಲ್ಲ. ಇನ್ನರ್ಧ ಅಳಿಯಸಂತಾನದ ಕುಟುಂಬದ್ದು. ಮುಂಬೈಯಿಂದ ಮಸ್ಕತ್‌ವರೆಗೆ ಹರಡಿದ ಪಾಲುದಾರರೆಲ್ಲ ಸಹಿ ಹಾಕಬೇಕು. ಕೊನೆಗೆ ಉಳಿಯುವುದು ವಾಸದ ಮನೆ ಒಂದೇ. 40 ಲಕ್ಷಕ್ಕೆ ಶೇ 10ರಂತೆ ಹತ್ತು ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 52,900. ಕೋರ್ಸು ಮತ್ತು ಆಮೇಲಿನ ಒಂದು ವರ್ಷ ಕಂತಿಲ್ಲ ಎಂದು ಏಜೆಂಟ್ ಹೇಳಿದ್ದಾನೆ, ನಿಜ. ಆದರೆ ಬಡ್ಡಿಗೆ ರಜೆ ಇಲ್ಲ. ಎರಡು ವರ್ಷ ಕಟ್ಟದೆ ಬಿಟ್ಟರೆ 8 ಲಕ್ಷ ಮೇಲೇರಿರುತ್ತದೆ. ಶಿಕ್ಷಣ ಸಾಲದ ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುವುದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಉಳಿದವರಿಗೆ ಮಾತ್ರ.

ಅದೇ ಹುಡುಗಿ ಬರ್ಲಿನ್ನಿನ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದರೆ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಕೆಲವು ನೂರು ಯೂರೊ ಕಟ್ಟಿದರಾಯಿತು. ವೀಸಾಕ್ಕೆ 11,904 ಯೂರೊ, ಅಂದರೆ ಸುಮಾರು 12.4 ಲಕ್ಷ, ಸ್ಪೆರ್‌ಕೊಂಟೊ ಎಂಬ ಖಾತೆಯಲ್ಲಿ ಇಡಬೇಕು. ಇದನ್ನು ನಮ್ಮವರು ಫೀಸು ಎಂದೇ ತಿಳಿದಿದ್ದಾರೆ, ಅದು ಫೀಸಲ್ಲ. ಅವಳು ಅಲ್ಲಿಗೆ ತಲುಪಿದ ಮೇಲೆ ತಿಂಗಳಿಗೆ 992 ಯೂರೊದಂತೆ ಅವಳಿಗೇ ವಾಪಸು ಬರುತ್ತದೆ. ಬಾಡಿಗೆ, ಊಟ, ತಿಂಗಳಿಗೆ ನೂರಿಪ್ಪತ್ತು, ನೂರೈವತ್ತು ಯೂರೊದ ಆರೋಗ್ಯ ವಿಮೆ, ಎಲ್ಲವೂ ಅದರಲ್ಲಿ. ಸಾಲ ಮಾಡಿದರೂ 12 ಲಕ್ಷಕ್ಕೆ ಕಂತು 16,000ದ ಒಳಗೆ. ಎರಡನೆಯ ವರ್ಷದ ಖರ್ಚಿಗೆ ಸ್ವಲ್ಪ ಸೇರಿಸಿಕೊಳ್ಳಿ. ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿಯೂ ಇದೆ.

ಹಾಗಾದರೆ ಎಲ್ಲರೂ ಬರ್ಲಿನ್ನಿಗೇ ಹೋಗಲಿ ಎಂದೇ? ಇಲ್ಲ. ಅಲ್ಲಿ ಎಂ.ಎಸ್ಸಿ.ಗೆ ಎರಡು ವರ್ಷ ಬೇಕು, ಹೆಚ್ಚಿನವರಿಗೆ ಅದಕ್ಕಿಂತಲೂ ಜಾಸ್ತಿ ಹಿಡಿಯುತ್ತದೆ. ಅಷ್ಟರಲ್ಲಿ ಲಂಡನ್ನಿನವಳು ಒಂದು ವರ್ಷದ ಸಂಬಳ ನೋಡಿರುತ್ತಾಳೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಕೆಲಸ ಕೊಡುವವನು ಜರ್ಮನ್ ಕೇಳುತ್ತಾನೆ. ಮನೆ ಹುಡುಕುವುದಂತೂ ತಪಸ್ಸು. ಮನೆ ಮಾಲೀಕನ ಪತ್ರ ಇಲ್ಲದೆ ವಿಳಾಸ ನೋಂದಣಿ ಆಗುವುದಿಲ್ಲ, ಅದಿಲ್ಲದೆ ಮುಂದಿನ ಎಷ್ಟೋ ಕಾಗದ ಓಡುವುದಿಲ್ಲ. ಲಂಡನ್ನಿನಲ್ಲಿ ಭಾಷೆಯ ತೊಂದರೆ ಇಲ್ಲ, ಕೊತ್ತಂಬರಿಗೂ ಕುಚ್ಚಲಕ್ಕಿಗೂ ಅಂಗಡಿ ಉಂಟು. ಆದರೆ ಓದಿದ ಮೇಲೆ ಅಲ್ಲಿ ಉಳಿಯಲು ಸಿಗುವ ಎರಡು ವರ್ಷ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳಿಗೆ ಇಳಿಯುತ್ತದೆ. ಆಮೇಲೆ ಕೆಲಸದ ವೀಸಾಕ್ಕೆ ಸಾಮಾನ್ಯವಾಗಿ ಬೇಕಾದ ಸಂಬಳ 2025ರ ಜುಲೈಯಿಂದ 41,700 ಪೌಂಡ್. ಹೊಸಬರಿಗೆ ರಿಯಾಯಿತಿ ಇದೆ, ಆದರೂ 40 ಲಕ್ಷದ ಸಾಲ ತಲೆಯ ಮೇಲಿರುವಾಗ ಈ ಗಡುವು ಬಹಳ ಸಣ್ಣದು. ಜರ್ಮನಿಯಲ್ಲೂ ಕೆಲಸ ಹುಡುಕಲು ಸಿಗುವುದು 18 ತಿಂಗಳೇ, ಆದರೆ ಬ್ಯಾಂಕಿನ ಕಂತು ಮೂರರಲ್ಲೊಂದು.

ಮಕ್ಕಳಾದ ಮೇಲೆ ತಕ್ಕಡಿ ಇನ್ನೂ ವಾಲುತ್ತದೆ. ಬರ್ಲಿನ್ನಿನಲ್ಲಿ ಶಿಶುವಿಹಾರಕ್ಕೆ 2018ರಿಂದ ಶುಲ್ಕ ಇಲ್ಲ, ಊಟಕ್ಕೆ ಸ್ವಲ್ಪ ಕೊಟ್ಟರಾಯಿತು. ಜಾಗ ಸಿಗಬೇಕು, ಅಷ್ಟೆ. ಮೇಲೆ ಮಗುವಿಗೆ ತಿಂಗಳಿಗೆ 259 ಯೂರೊ ಸರ್ಕಾರದಿಂದ. ಲಂಡನ್ನಿನಲ್ಲಿ ದುಡಿಯುವ ತಂದೆತಾಯಿಗೆ ಉಚಿತ ಗಂಟೆಗಳಿವೆ, ಆದರೆ ನಮ್ಮವರಿಗೆ ಅವು ಸಿಗುವುದು ಬಿಡುವುದು ವೀಸಾದ ಮೇಲೆ ನಿಂತಿದೆ. ಮಗಳ ಸಹೋದ್ಯೋಗಿಯೊಬ್ಬಳ ಸಂಬಳದ ಅರ್ಧ ನರ್ಸರಿಗೇ ಹೋಗುವುದನ್ನು ನಾನು ಕೇಳಿದ್ದೇನೆ.

ಒಂದು ಎಚ್ಚರ ಮಾತ್ರ ಬೇಕು. ಬರ್ಲಿನ್ ಎಂದು ಹೇಳಿ ಖಾಸಗಿ ಕಾಲೇಜಿಗೆ ಸೇರಿಸುವ ಏಜೆಂಟರು ಉಡುಪಿಯಲ್ಲೂ ಮಣಿಪಾಲದಲ್ಲೂ ಇದ್ದಾರೆ. ಅವರಿಗೆ ಕಮಿಷನ್ ಸಿಗುವುದು ಫೀಸು ಇರುವ ಕಾಲೇಜಿನಿಂದ. ಫೀಸೇ ಇಲ್ಲದ ಸರ್ಕಾರಿ ವಿಶ್ವವಿದ್ಯಾಲಯದಿಂದ ಅವರಿಗೆ ಏನೂ ಹುಟ್ಟುವುದಿಲ್ಲ. ಆದ್ದರಿಂದ ಕೋರ್ಸಿನ ಹೆಸರನ್ನು ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಿಎಎಡಿಯ ಪಟ್ಟಿಯಲ್ಲಿ ನೀವೇ ಹುಡುಕಿ, ಸಂಸ್ಥೆ ಸರ್ಕಾರಿಯೋ ಖಾಸಗಿಯೋ ನೋಡಿ. ಜರ್ಮನಿ ಎಂದರೆ ಎಲ್ಲೆಡೆ ಉಚಿತ ಎಂಬುದೂ ಸುಳ್ಳು: ಬಾಡೆನ್-ವುರ್ಟೆಂಬೆರ್ಗ್ ರಾಜ್ಯ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕುತ್ತದೆ. ಹಣ ಕಳಿಸುವಾಗ ಇನ್ನೊಂದು: ವರ್ಷಕ್ಕೆ 10 ಲಕ್ಷ ಮೀರಿ ಸ್ವಂತ ಹಣ ಕಳಿಸಿದರೆ ಬ್ಯಾಂಕು ಟಿಸಿಎಸ್ ಎಂಬ ಮುಂಗಡ ತೆರಿಗೆ ಹಿಡಿಯುತ್ತದೆ, ರಿಟರ್ನ್ ಹಾಕಿ ವಾಪಸು ಪಡೆಯಬೇಕು, ಮಾನ್ಯ ಬ್ಯಾಂಕಿನ ಶಿಕ್ಷಣ ಸಾಲದಿಂದ ಹೋದ ಹಣಕ್ಕೆ ಅದಿಲ್ಲ.

ನನ್ನ ತೀರ್ಮಾನ ಇಷ್ಟೆ. ಕೈಯಲ್ಲಿ ಹಣ ಇದ್ದವರು, ಸ್ಕಾಲರ್‌ಶಿಪ್ ಸಿಕ್ಕವರು ಧಾರಾಳ ಲಂಡನ್ನಿಗೆ ಹೋಗಲಿ. ವಾಸದ ಮನೆ ಅಡವಿಟ್ಟೇ ಹೋಗಬೇಕೆಂದಿದ್ದರೆ ಬರ್ಲಿನ್. ಕಾರ್ಕಳದವರು ಆಫರ್ ಲೆಟರ್ ಇನ್ನೂ ಬಿಟ್ಟಿಲ್ಲ. ಅವರ ಮಗಳು ಮಾತ್ರ ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ 2022ರ ನವೆಂಬರಿನಿಂದ ಕಡ್ಡಾಯವಾಗಿರುವ, ಓದಿನ ದಾಖಲೆ ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ 18,000 ರೂಪಾಯಿ ಕಟ್ಟಿ ಅರ್ಜಿ ಹಾಕಿದ್ದಾಳೆ.